ಇನ್ನೂರ ಹನ್ನೆರಡು ಮನೆಗಳ ಪಟ್ಟಿ

ಮುಬಶೀರಾ ಸಿಟ್ಟಿನ ಹೆಂಗಸು ಎಂಬುದು ಹುನಗುಂದದ ಬಸ್ ನಿಲ್ದಾಣದ ಸುತ್ತ ಎಲ್ಲರಿಗೂ ಗೊತ್ತು. ಅಡ್ಡಾದಿಡ್ಡಿ ಟೈಪ್ ಮಾಡಿಕೊಂಡು ಬಂದವರನ್ನು ಆಕೆ ತನ್ನ ಡಿಟಿಪಿ ಅಂಗಡಿಯ ಬಾಗಿಲಲ್ಲೇ ತರಾಟೆಗೆ ತೆಗೆದುಕೊಳ್ಳುತ್ತಾಳೆ. ಆದರೂ ಜನ ಬರುತ್ತಾರೆ. ಮುನ್ನೂರು ಪುಟದ ವರದಿಯನ್ನು ಒಪ್ಪವಾಗಿ ಹೊಂದಿಸಿ ಕೊಡುವವರು ಆ ಕಡೆ ಬೇರೆ ಯಾರಿದ್ದಾರೆ?

ಊರು ಇಳಕಲ್. ತಂದೆ ಇಬ್ರಾಹಿಂಸಾಬ ಗ್ರಾನೈಟ್ ಕಾರ್ಖಾನೆಯಲ್ಲಿ ಕಲ್ಲಿಗೆ ಪಾಲಿಶ್ ಹಿಡಿಯುತ್ತಿದ್ದರು. ಮಗಳನ್ನು ಟೈಪಿಂಗ್ ಕ್ಲಾಸಿಗೆ ಹಚ್ಚಿದವರು ಅವರೇ. ಜೂನಿಯರ್, ಸೀನಿಯರ್ ಎರಡೂ ಪಾಸು ಮಾಡಿ, ಆಮೇಲೆ ಕಂಪ್ಯೂಟರ್ ಕಲಿತು, ಹದಿನೆಂಟು ವರ್ಷದಿಂದ ದಿನಾ ಬಸ್ಸಿನಲ್ಲಿ ಹುನಗುಂದಕ್ಕೆ ಬಂದು ಅಂಗಡಿ ತೆರೆಯುತ್ತಾಳೆ.

ಹೋದ ವರ್ಷ ಬೀರಲಿಂಗಪ್ಪ ಎಂಬಾತ ಪೆನ್‌ಡ್ರೈವ್ ಹಿಡಿದು ಬಂದ. ಆತನದೊಂದು ಖಾಸಗಿ ಸಮೀಕ್ಷೆ ಸಂಸ್ಥೆ. ತಾಲೂಕಿನ ಒಂದು ಹಳ್ಳಿಯಲ್ಲಿ ಯಾರ ಮನೆ ಗಟ್ಟಿ ಇದೆ, ಯಾರ ಮನೆಗೆ ದುರಸ್ತಿ ಬೇಕು ಎಂದು ಲೆಕ್ಕ ಹಾಕಿ ಸರಕಾರಕ್ಕೆ ವರದಿ ಕೊಡುವ ಕೆಲಸ ಹಿಡಿದಿದ್ದ.

"ಬರೇ ಟೈಪಿಂಗ್ ಸರಿ ಮಾಡೂದು ಐತ್ರಿ. ನಾಳೆ ಸಂಜಿಕ್ಕ ಕೊಟ್ಬಿಡ್ರಿ," ಎಂದ.

ಮುಬಶೀರಾ ಕಡತ ತೆರೆದು ನೋಡಿದಳು. ಹೊಸ ಅಧ್ಯಾಯ ಹೊಸ ಪುಟಕ್ಕೆ ಬರಲಿ ಎಂದು ಇಪ್ಪತ್ತು ಸಲ ಎಂಟರ್ ಒತ್ತಿದ್ದ. ಪುಟಸಂಖ್ಯೆಗಳನ್ನು ಕೈಯಿಂದ ಬರೆದಿದ್ದ. ಪಟ್ಟಿಗಳನ್ನು ಬರೀ ಸ್ಪೇಸ್ ಒತ್ತಿ ಜೋಡಿಸಿದ್ದ. ಒಂದು ಅಕ್ಷರ ಸೇರಿಸಿದರೆ ಇಡೀ ಸಾಲು ಓಡಿಹೋಗುತ್ತಿತ್ತು.

"ಟೈಪಿಂಗ್ ನೀವ ಮಾಡೀರಿ, ಅದಕ್ಕ ಈ ಗತಿ ಆಗೇತಿ. ಹತ್ತ ದಿನ ಬೇಕು. ಒಲ್ಲೆ ಅಂದ್ರ ಪೆನ್‌ಡ್ರೈವ್ ತಗೊಂಡ ಹೋಗ್ರಿ."

ಹತ್ತು ದಿನ ಆಕೆ ಆ ವರದಿಯನ್ನು ಸಾಲುಸಾಲಾಗಿ ಬಿಚ್ಚಿ ಕಟ್ಟಿದಳು. ಪರಿವಿಡಿ ತಾನಾಗಿಯೇ ಪುಟ ಹಿಡಿಯುವಂತೆ ಮಾಡಿದಳು. ಇನ್ನೂರ ಹನ್ನೆರಡು ಮನೆಗಳ ಪಟ್ಟಿಗೆ ಸರಿಯಾದ ಟೇಬಲ್ ಹಾಕಿ, ಪ್ರತಿ ಪುಟದ ಮೇಲೂ ತಲೆಸಾಲು ಬರುವಂತೆ ಹೊಂದಿಸಿ, ಬೀರಲಿಂಗಪ್ಪನ ಕೈಬರಹದ ಹಾಳೆಗಳ ಜೊತೆ ಒಂದೊಂದು ಮನೆಯನ್ನೂ ತಾಳೆ ನೋಡಿದಳು. ಕೊನೆಯ ಪುಟದಲ್ಲಿ ಎಂದಿನಂತೆ 'ಅಕ್ಷರ ಜೋಡಣೆ' ಎಂದು ಬರೆದು, ಅದರ ಮುಂದೆ ತನ್ನ ಅಂಗಡಿಯ ಹೆಸರು ಹಾಕಿ ಕೊಟ್ಟಳು.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಆ ಹಳ್ಳಿಯ ಕಾಳವ್ವ ಆ ಹೆಸರನ್ನೇ ಕೇಳಿಕೊಂಡು ಅಂಗಡಿಗೆ ಬಂದಳು. ಕೈಯಲ್ಲಿ ಪಂಚಾಯಿತಿಯಿಂದ ಪಡೆದ ಆ ವರದಿಯ ಝೆರಾಕ್ಸ್ ಇತ್ತು.

"ನೀನs ಏನವ್ವಾ ಇದನ್ನ ಬರದಾಕಿ? ನನ್ನ ಮಣ್ಣಿನ ಮಾಳಿಗಿ ಮೂರ ಕಡೆ ಸೋರ್ತೈತಿ. ಇದರಾಗ ನಂದು ಸ್ಲ್ಯಾಬಿನ ಮನಿ, ದುರಸ್ತಿ ಬ್ಯಾಡ ಅಂತ ಬರದೀ. ನಾ ನಿನಗೇನ ಮಾಡಿದ್ನಿ?"

ಮುಬಶೀರಾ ಹಾಳೆ ಕಸಿದುಕೊಂಡಂತೆ ತೆಗೆದುಕೊಂಡಳು. ಹೆಸರುಗಳು ಅಕಾರಾದಿಯಲ್ಲಿದ್ದವು. ಆಕೆ ಜೋಡಿಸಿದ್ದು ಮನೆ ನಂಬರಿನ ಪ್ರಕಾರ. ಕೂಡಲೇ ತಿಳಿಯಿತು. ಬೀರಲಿಂಗಪ್ಪ ಚೆಂದ ಕಾಣಲೆಂದು ಹೆಸರಿನ ಕಾಲಂ ಒಂದನ್ನೇ ಹಿಡಿದು ಅಕಾರಾದಿಗೆ ಹಚ್ಚಿದ್ದಾನೆ. ಹೆಸರುಗಳಷ್ಟೇ ಮೇಲೆ ಕೆಳಗೆ ಹೋಗಿವೆ; ಗೋಡೆ, ಮಾಳಿಗೆ, ದುರಸ್ತಿಯ ಮಾತು ಇದ್ದಲ್ಲೇ ಇವೆ. ಒಬ್ಬರ ಮನೆ ಇನ್ನೊಬ್ಬರ ಹೆಸರಿಗೆ ಅಂಟಿಕೊಂಡಿದೆ.

ಅಲ್ಲೇ ಫೋನು ಹಚ್ಚಿದಳು. ಬೀರಲಿಂಗಪ್ಪ, "ತಾಂತ್ರಿಕ ದೋಷ ಇರಬೇಕ್ರಿ. ನಿಮ್ಮ ಅಂಗಡ್ಯಾಗ ಆಗಿರಬೇಕು. ನಾ ಮ್ಯಾಲಿನವರಿಗೆ ಹಂಗs ಹೇಳೇನಿ," ಎಂದ.

ಹತ್ತು ದಿನ ಕಣ್ಣು ಕೀಲಿಸಿಕೊಂಡು ಮಾಡಿದ ಕೆಲಸದ ಮೇಲೆ, ತಂದೆ ಕಲ್ಲಿನ ಪುಡಿ ಕುಡಿದು ಕಲಿಸಿದ ವಿದ್ಯೆಯ ಮೇಲೆ ಆತ ಉಗುಳಿದ ಹಾಗೆ ಮುಬಶೀರಾಳಿಗೆ ಅನಿಸಿತು.

"ಕಾಳವ್ವಾ, ನೀ ನನ್ನ ಜೋಡಿ ಬಾಗಲಕೋಟಿಗೆ ಬಾ," ಎಂದಳು.

ಅಲ್ಲಿನ ಜಿಲ್ಲಾ ಕಚೇರಿಯಲ್ಲಿ ವರದಿಯ ಸಭೆ ಆ ವಾರವೇ ಇತ್ತು. ಅಧಿಕಾರಿ ಪ್ರಿಯದರ್ಶಿನಿಯವರು ಐದು ನಿಮಿಷ ಕೊಟ್ಟರು. ಮುಬಶೀರಾ ಲ್ಯಾಪ್‌ಟಾಪಿನಲ್ಲಿ ಎರಡು ಕಡತ ತೆರೆದಳು. ಒಂದು ತಾನು ಕೊಟ್ಟದ್ದು, ಇನ್ನೊಂದು ಬೀರಲಿಂಗಪ್ಪ ಕಚೇರಿಗೆ ಕಳಿಸಿದ್ದು, ಅಲ್ಲಿಯೇ ಕೇಳಿ ಪಡೆದದ್ದು. ಕೊನೆಗೆ ತಿದ್ದಿದವರು ಯಾರು ಎಂಬ ಜಾಗ ತೋರಿಸಿದಳು. ಅಲ್ಲಿ ಬೀರಲಿಂಗಪ್ಪನ ಹೆಸರಿತ್ತು, ತಾರೀಖಿತ್ತು.

"ಕಂಪ್ಯೂಟರ್ ಒಮ್ಮೊಮ್ಮೆ ಹಂಗ ಮಾಡ್ತೈತ್ರಿ ಮೇಡಂ," ಎಂದ ಬೀರಲಿಂಗಪ್ಪ.

"ಏನ್ ಮಾಡ್ತೈತಿ?" ಮುಬಶೀರಾಳ ದನಿ ಹೊರಗಿನ ವರಾಂಡಕ್ಕೂ ಕೇಳಿತು. "ಈ ಮುದುಕಿ ಮನಿಗೆ ಸ್ಲ್ಯಾಬ್ ಹಾಕಬೇಕಂತ ಕಂಪ್ಯೂಟರಿಗೆ ಕನಸ ಬಿದ್ದಿತ್ತೇನ್ರಿ? ಬಟನ್ ಒತ್ತಿದ್ದು ನಿಮ್ಮ ಬಟ್ಟು. ಇನ್ನೂರ ಹನ್ನೆರಡ ಮನಿ ಕಲಸಿ, ನನ್ನ ತಲಿಗೆ ಕಟ್ಟಾಕ ಬಂದೀರಿ!"

ಪ್ರಿಯದರ್ಶಿನಿಯವರು ಪಟ್ಟಿ ರದ್ದು ಮಾಡಿ, ಆ ಹಳ್ಳಿಯ ಸಾಲೆಯಲ್ಲೇ ಜನರ ಮುಂದೆ ಓದಿ ಸರಿಪಡಿಸಲು ಹೇಳಿದರು.

ಮುಂದಿನ ಸೋಮವಾರ ಮುಬಶೀರಾ ಲ್ಯಾಪ್‌ಟಾಪ್ ಮುಂದೆ ಕುಳಿತು, ಬೀರಲಿಂಗಪ್ಪನ ಕೈಗೆ ಕೈಬರಹದ ಹಾಳೆ ಕೊಟ್ಟು, ಗಟ್ಟಿಯಾಗಿ ಓದಿಸಿದಳು. ದನಿ ಇಳಿದಾಗೆಲ್ಲ "ಕೇಳವಲ್ದು, ಇನ್ನೊಮ್ಮೆ ಓದ್ರಿ," ಎಂದಳು. ಹೆಸರು ಬಂದವರು ಎದ್ದು ನಿಂತು ಹೌದೆಂದರು. ಸಂಜೆ ನಾಲ್ಕಕ್ಕೆ ಮುಗಿಯಿತು. ತಿದ್ದಿದ ಪಟ್ಟಿಯ ಜೊತೆಗೆ ಹಚ್ಚುವ ಪತ್ರದಲ್ಲಿ ಬೀರಲಿಂಗಪ್ಪ ಮತ್ತೆ 'ತಾಂತ್ರಿಕ ದೋಷದಿಂದ' ಎಂದು ಬರೆಸಲು ನೋಡಿದ. ಆಕೆ ಅದನ್ನು ಅಳಿಸಿ, 'ನಾನು ಹೆಸರಿನ ಕಾಲಂ ಮಾತ್ರ ಬದಲಿಸಿದ್ದರಿಂದ' ಎಂದು ಟೈಪ್ ಹೊಡೆದು, ಸಾಲೆಯ ಪ್ರಿಂಟರಿನಲ್ಲಿ ಪ್ರಿಂಟ್ ತೆಗೆದು ಮುಂದಿಟ್ಟಳು. ಆತ ಸಹಿ ಮಾಡಿ, ಚಹಾಕ್ಕೂ ನಿಲ್ಲದೆ ಗಾಡಿ ಹತ್ತಿದ.

ಮಳೆಗಾಲಕ್ಕೆ ಮೊದಲೇ ಕಾಳವ್ವನ ಮಾಳಿಗೆ ದುರಸ್ತಿ ಆಯಿತು. ಬೀರಲಿಂಗಪ್ಪ ಮಾತ್ರ ಇವತ್ತಿನವರೆಗೂ 'ತಪ್ಪಾತು' ಎಂಬ ಒಂದು ಮಾತು ಆಡಿಲ್ಲ. ಆ ಸಿಟ್ಟು ಮುಬಶೀರಾಳನ್ನು ಬಿಟ್ಟು ಹೋಗಿಲ್ಲ. ಹೋಗಲಿ ಎಂದು ಆಕೆಗೆ ಅನಿಸಿಯೂ ಇಲ್ಲ.