ದೊಡ್ಡಪ್ಪನ ಕೂಗು

ಹೊಸನಗರದ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಸಣ್ಣ ರೆಕಾರ್ಡಿಂಗ್ ಕೋಣೆ ಇದೆ. ಆಟೋಗೆ ಮೈಕು ಕಟ್ಟಿಕೊಂಡು ಊರೆಲ್ಲ ಸಾರುತ್ತಾರಲ್ಲ, ಆ ಪ್ರಚಾರದ ಮಾತುಗಳನ್ನು ರೆಕಾರ್ಡ್ ಮಾಡುವುದು ನನ್ನ ಹೊಟ್ಟೆಪಾಡು. ಮಾತಿನ ಜೊತೆ ಸೇರಿಕೊಳ್ಳುವ ಫ್ಯಾನಿನ ಸದ್ದು, ಕರೆಂಟಿನ ಗುಂಯ್, ಬಸ್ಸಿನ ಹಾರನ್ನು ಇವನ್ನೆಲ್ಲ ತೆಗೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗೆ ಮೊದಲಿಂದಲೂ ಉಂಟು. ಆ ಜಂಬವನ್ನು ನಂಬಿಕೊಂಡೇ ಕಳೆದ ವರ್ಷ ದೊಡ್ಡಮ್ಮ ತಮ್ಮ ಹಳ್ಳಿಯಿಂದ ಬಸ್ಸು ಹತ್ತಿ ಬಂದಳು.

ದೊಡ್ಡಪ್ಪನಿಗೆ ಗಂಟಲಿನ ಆಪರೇಷನ್ ಆಗಿ ದನಿ ಪೂರ್ತಿ ಹೋಗಿತ್ತು. ಮನುಷ್ಯ ಉಳಿದರಲ್ಲ, ಅಷ್ಟು ಸಾಕು ಎಂದು ನಾವೆಲ್ಲ ಸಮಾಧಾನ ಮಾಡಿಕೊಂಡಿದ್ದೆವು. ಸಮಾಧಾನವಾಗದೆ ಉಳಿದದ್ದು ಅವರ ಮಲೆನಾಡು ಗಿಡ್ಡ ಹಸುವಿಗೆ. ಮೊದಲೆಲ್ಲ ಸಂಜೆ ದೊಡ್ಡಪ್ಪ ಬೇಲಿಬಾಗಿಲಿನ ದಣಪೆ ಸರಿಸಿ ನಿಂತು “ಬಾ... ಬಾಽಽ” ಎಂದು ಕೂಗಿದರೆ ಸಾಕು, ಅದು ಗುಡ್ಡ ಇಳಿದು ಬರುತ್ತಿತ್ತು. ಅದೇ ಕೂಗಿಗೆ ದೊಡ್ಡಮ್ಮನೂ ಒಳಗಿಂದ ಓಗೊಟ್ಟು, ಅಕ್ಕಿ ತೊಳೆದ ಅಕ್ಕಚ್ಚಿನ ಬಕೆಟ್ಟು ಹಿಡಿದು ಬರುತ್ತಿದ್ದಳು. ಈಗ ಆ ಹಸು ಯಾರು ಎಷ್ಟು ಅರಚಿದರೂ ತಲೆ ಎತ್ತುತ್ತಿರಲಿಲ್ಲ. ಅದು ಗಬ್ಬದ ಹಸು, ದಿನ ತುಂಬುತ್ತ ಬಂದಿತ್ತು; ಗುಡ್ಡದಲ್ಲಿ ಚಿರತೆಯ ಓಡಾಟ ಬೇರೆ. ಡಾಕ್ಟರು ಬೇಡವೆಂದರೂ ದೊಡ್ಡಪ್ಪ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ದಿನಾ ಗುಡ್ಡ ಹತ್ತಿ ಅದನ್ನು ಹೊಡೆದುಕೊಂಡು ಬರುತ್ತಿದ್ದರು.

“ಹಿಂಗೇ ಹತ್ತಿದ್ರೆ ಒಂದಿನ ಹಸು ಬರ್ತದೆ, ಇವ್ರು ಬರೂದಿಲ್ಲ ಮಾರಾಯ,” ಎಂದಳು ದೊಡ್ಡಮ್ಮ. “ಇವ್ರ ಕೂಗು ಎಲ್ಲಾದ್ರೂ ಇದ್ರೆ ಹುಡ್ಕಿ ಕೊಡು.”

ಎಲ್ಲಿರಬೇಕು? ಫೋನು ಕಂಡರೆ ದೂರ ಸರಿಯುವ ಮನುಷ್ಯ ಅವರು. ಕೊನೆಗೆ ನೆನಪಾದದ್ದು ದೊಡ್ಡಮ್ಮ ಯಾವಾಗಲೋ ನನ್ನನ್ನು ಊಟಕ್ಕೆ ಕರೆದು ಕಳಿಸಿದ್ದ ವಾಟ್ಸಾಪ್ ವಾಯ್ಸ್ ಮೆಸೇಜು. ಹುಡುಕಿ ಹಾಕಿದೆ. ದೊಡ್ಡಮ್ಮ ಬಿಡುವಿಲ್ಲದೆ ಮಾತಾಡುತ್ತಿದ್ದಾಳೆ, ಪಕ್ಕದ ತೋಟದಲ್ಲಿ ಹುಲ್ಲು ಹೊಡೆಯುವ ಮಷೀನು ಒದರುತ್ತಿದೆ. ಅವೆರಡರ ಹಿಂದೆ, ಎಲ್ಲೋ ದೂರದಲ್ಲಿ, ದೊಡ್ಡಪ್ಪ ಹಸುವನ್ನು ಕೂಗುತ್ತಿದ್ದಾರೆ.

ಗದ್ದಲ ತೆಗೆಯುವ ಸಾಫ್ಟ್‌ವೇರಿಗೆ ಅದನ್ನು ಕೊಟ್ಟೆ. ಮಷೀನು ಮಾಯವಾಯಿತು, ದೊಡ್ಡಪ್ಪನೂ ಮಾಯವಾದರು! ಹತ್ತಿರದ ಮಾತನ್ನು ಮಾತ್ರ ಉಳಿಸಿ ದೂರದ್ದನ್ನೆಲ್ಲ ಗುಡಿಸಿಬಿಡುವುದು ಅದರ ಕ್ರಮ. ಉಳಿದದ್ದು ಗಂಟೆಯ ಹಾಗೆ ಸ್ಪಷ್ಟವಾದ ದೊಡ್ಡಮ್ಮನ ಮಾತು.

“ನೀ ಮಾತಾಡಕ್ಕೆ ಶುರು ಮಾಡಿದ್ರೆ ದೊಡ್ಡಪ್ಪನ ದನಿ ಕಂಪ್ಯೂಟರಿಗೂ ಕೇಳಲ್ಲ ನೋಡು,” ಎಂದು ಛೇಡಿಸಿದೆ.

ಅವಳು ನಗಲಿಲ್ಲ. “ನಂದೆಲ್ಲ ತೆಗ್ದು ಹಾಕು. ಅವ್ರದ್ದು ಒಂದು ಉಳ್ಸು,” ಎಂದಳು.

ಕೈಯಲ್ಲೇ ಬಿಡಿಸಲು ಕುಳಿತೆ. ಪರದೆಯ ಮೇಲೆ ಸದ್ದು ಚಿತ್ರವಾಗಿ ಕಾಣುತ್ತದೆ. ಮಷೀನಿನದು ಅಡ್ಡಡ್ಡ ಪಟ್ಟೆ, ದೊಡ್ಡಮ್ಮನದು ದಪ್ಪ ದಪ್ಪ ಕಲೆ. ಅವಳು ಉಸಿರೆಳೆದುಕೊಂಡ ಸಂದುಗಳಲ್ಲಿ ಮಾತ್ರ ಒಂದು ತೆಳ್ಳನೆಯ ಗೆರೆ ಮೇಲೇರಿ ಬಾಗುತ್ತಿತ್ತು. ಅದು ದೊಡ್ಡಪ್ಪ. ಎಷ್ಟೋ ದಿನ ಬೇರೆ ಕೆಲಸ ಬದಿಗಿಟ್ಟು ಒಂದೊಂದೇ ಪಟ್ಟೆ ಅಳಿಸಿದೆ, ಚೂರುಗಳನ್ನು ಜೋಡಿಸಿದೆ. ಒಂದು ಮಧ್ಯಾಹ್ನ ಹೆಡ್‌ಫೋನ್ ಹಾಕಿಕೊಂಡು ಒತ್ತಿದರೆ, “ಬಾ... ಬಾಽಽ!” ಮೈ ಜುಮ್ಮೆಂದಿತು. ಅಷ್ಟು ಗದ್ದಲದ ಅಡಿಯಲ್ಲಿ ಬಿದ್ದಿದ್ದರೂ ಆ ದನಿಗೆ ಏನೂ ಆಗಿರಲಿಲ್ಲ. ಕೊನೆಯಲ್ಲಿ ಎಳೆಯುವ ಆ ರಾಗ, ಅದರೊಳಗಿನ ಸಣ್ಣ ಗದರಿಕೆ, ಎಲ್ಲ ಇದ್ದ ಹಾಗೇ ಇತ್ತು. ಇದನ್ನು ನಾನು ಮಾಡಿದ್ದೆಂದು ನನಗೇ ಅನ್ನಿಸಲಿಲ್ಲ. ಜಂಬ ಎಲ್ಲಿ ಹೋಯಿತೋ, ಕೈಮುಗಿಯಬೇಕು ಅನ್ನಿಸಿತು.

ಮರುದಿನ ಸಂಜೆ ಅವರ ಹಳ್ಳಿಗೆ ಹೋಗಿ ಸ್ಪೀಕರನ್ನು ಬೇಲಿಯ ಕಂಬಕ್ಕೆ ಕಟ್ಟಿದೆ. ಅಷ್ಟರಲ್ಲಿ ದೊಡ್ಡಮ್ಮನಿಗೆ ಧೈರ್ಯ ಉಡುಗಿತು. “ಅದು ಬರ್ದಿದ್ರೆ ಇವ್ರ ಮುಖ ನಂಗೆ ನೋಡಕ್ಕಾಗಲ್ಲ,” ಎಂದು ಅಡುಗೆಮನೆ ಸೇರಿದಳು. ಗುಂಡಿ ಒತ್ತಿದವರು ದೊಡ್ಡಪ್ಪನೇ.

ಕೂಗು ಗುಡ್ಡಕ್ಕೆ ಬಡಿಯಿತು. ದೊಡ್ಡಪ್ಪ ಬೆಚ್ಚಿ ಕುತ್ತಿಗೆಯ ಬಟ್ಟೆ ಮುಟ್ಟಿಕೊಂಡರು. ಅವರ ತುಟಿಗಳೂ ಜೊತೆಯಲ್ಲೇ ಅಲುಗುತ್ತಿದ್ದವು. ಮೇಲೆ ಪೊದೆ ಸರಿದಾಡಿತು. ಹಸು ಹೊಟ್ಟೆ ತೂಗಿಕೊಂಡು ಬಿರಬಿರನೆ ಇಳಿದು ಬಂತು. ಸ್ಪೀಕರಿನ ಕಡೆ ತಿರುಗಿಯೂ ನೋಡದೆ ನೇರ ದೊಡ್ಡಪ್ಪನ ಹತ್ತಿರ ಹೋಗಿ ಅವರ ಕೈಗೆ ಮೂತಿ ಒತ್ತಿತು. ನನ್ನ ಕಣ್ಣು ಮಂಜಾಯಿತು.

ಅದೇ ಹೊತ್ತಿಗೆ ಅಡುಗೆಮನೆಯಿಂದ, “ಹೋ, ಬಂದೆ ಬಂದೆ! ಅಕ್ಕಚ್ಚು ತರ್ತಿದೀನಿ ಮಾರಾಯ್ರೆ, ಎಷ್ಟು ಕೂಗ್ತೀರಿ!”

ಬಕೆಟ್ಟು ಹಿಡಿದು ದುಡುದುಡು ಬಂದ ದೊಡ್ಡಮ್ಮ ಅಂಗಳದ ನಡುವೆ ಗಕ್ಕನೆ ನಿಂತಳು. ಒಮ್ಮೆ ಕಂಬದ ಮೇಲಿನ ಸ್ಪೀಕರನ್ನು ನೋಡಿದಳು, ಆಮೇಲೆ ದೊಡ್ಡಪ್ಪನನ್ನು. ಬಕೆಟ್ಟಿನ ಅಕ್ಕಚ್ಚು ಅವಳ ಕಾಲ ಮೇಲೆ ಚೆಲ್ಲುತ್ತಲೇ ಇತ್ತು.