ಒರೆಸದೆ ಬಿಡುವ ಅಕ್ಕ

ಬೆಳಗಿನ ಐದೂವರೆ. ಆಸ್ಪತ್ರೆಯ ಮನೋಚಿಕಿತ್ಸಾ ವಿಭಾಗದ ಕಾರಿಡಾರನ್ನು ಸ್ವಚ್ಛತಾ ಕೆಲಸಗಾರ್ತಿ ಒರೆಸುತ್ತ ಬರುತ್ತಿದ್ದಾರೆ. ಎಲ್ಲರಿಗೂ ಅವರು ಅಕ್ಕ. ಇಪ್ಪತ್ತೆರಡು ಕೋಣೆಗಳ ಬಾಗಿಲ ಹಿಡಿಗಳಿಗೆ ಒದ್ದೆ ಬಟ್ಟೆ ತಾಗುತ್ತದೆ. ಕೊನೆಯ ಕೋಣೆಯ ಹಿಡಿಗೆ ಮಾತ್ರ ಇಲ್ಲ. ನಿನ್ನೆಯ ಬೆರಳ ಗುರುತುಗಳು ಅದರ ಮೇಲೆ ಹಾಗೇ ಇವೆ. “ಇದನ್ನ ಒರೆಸದೆ ಇರೋದಕ್ಕೂ ನಂಗೆ ಸಂಬಳ,” ಎಂದು ನಗುತ್ತಾರೆ.

ಕೊಳೆಯ ಭಯ ಕೆಲವರನ್ನು ಹಿಂಡಿ ಹಿಪ್ಪೆ ಮಾಡುತ್ತದೆ. ಎಷ್ಟು ತೊಳೆದರೂ ಕೈ ಶುಚಿಯಾಯಿತೆಂಬ ನೆಮ್ಮದಿ ಬಾರದು. ಆ ಕೊನೆಯ ಕೋಣೆಯ ಚಿಕಿತ್ಸೆಯಲ್ಲಿ ಅವರು ಹೆದರುವುದನ್ನೇ ಸ್ವಲ್ಪ ಸ್ವಲ್ಪವಾಗಿ ಮುಟ್ಟಬೇಕು. ಮುಟ್ಟಿ, ತೊಳೆಯದೆ ಕೂರಬೇಕು. ಏರಿದ ಭಯ ಸಾಮಾನ್ಯವಾಗಿ ತಾನಾಗಿಯೇ ಇಳಿಯುತ್ತದೆ. ಬೇಗ ಇಳಿಯದಿದ್ದರೂ ಅದನ್ನು ತಾಳಿಕೊಳ್ಳಬಹುದೆಂದು ಮನಸ್ಸು ಕಲಿಯುತ್ತದೆ.

ಮೊದಲು ವೈದ್ಯೆಯೇ ಮುಟ್ಟಿ ತೋರಿಸುತ್ತಿದ್ದರು. “ನೀವು ಡಾಕ್ಟ್ರು, ನಿಮಗೇನಾಗುತ್ತೆ!” ಎಂದು ರೋಗಿಗಳು ಜಾರಿಕೊಳ್ಳುತ್ತಿದ್ದರು. ಆಗ ಹಿಡಿ ಒರೆಸದೆ ಬಿಟ್ಟು ತಾವೇ ಮೊದಲು ಮುಟ್ಟಿ ತೋರಿಸಲು ಅಕ್ಕನಿಗೆ ಕರೆ ಹೋಯಿತು. “ಮೊದಲನೇ ವಾರ ಅಯ್ಯೋ ಪಾಪ ಅಂತ ಗುಟ್ಟಾಗಿ ಹಿಡೀನ ಫಿನಾಯಿಲ್ ಹಾಕಿ ಒರೆಸಿಟ್ಟಿದ್ರು. ವಾಸನೇಲೇ ಸಿಕ್ಕಿಬಿದ್ರು,” ಎನ್ನುತ್ತಾರೆ ವೈದ್ಯೆ.

ಒರೆಸದಿರುವುದಕ್ಕಿಂತ ಕಷ್ಟವಾದದ್ದು ಸಮಾಧಾನ ಹೇಳದಿರುವುದು. ‘ಏನೂ ಆಗಲ್ಲ’ ಎಂಬ ಮಾತು ಕೈ ತೊಳೆದಷ್ಟೇ ನಿರಾಳ ತರುತ್ತದೆ, ಮರುಗಳಿಗೆ ಮತ್ತೆ ಬೇಕೆನಿಸುತ್ತದೆ. ಹಾಗಾಗಿ ಆ ಮಾತಿಗೆ ಇಲ್ಲಿ ಕಟ್ಟುನಿಟ್ಟಿನ ನಿಷೇಧ.

ಗಂಡ ಹೋದ ಮೇಲೆ ಇದೇ ಕೆಲಸದಲ್ಲಿ ಅಕ್ಕ ಮಗಳನ್ನು ಓದಿಸಿದ್ದಾರೆ. ಬಗ್ಗಿ ಬಗ್ಗಿ ಸೊಂಟ ಹಿಡಿದಿದೆ. “ಊರಿಗೆಲ್ಲ ಕೈ ತೊಳೀಬೇಡಿ ಅಂತೀಯ, ಊಟಕ್ಕೆ ಕೂತ್ರೆ ನನ್ನ ಮಾತ್ರ ನಲ್ಲಿಗೆ ಅಟ್ತೀಯ,” ಎಂದು ಮಗಳು ಛೇಡಿಸುತ್ತಾಳಂತೆ.

ಹತ್ತು ಗಂಟೆಗೆ ಬಂದ ಯುವಕ ಎರಡು ತಿಂಗಳ ಹೆಣ್ಣುಮಗುವಿನ ಅಪ್ಪ. ತನ್ನ ಕೈಯಿಂದ ಕಾಯಿಲೆ ಅಂಟೀತೆಂದು ಹೆದರಿ ಮಗಳನ್ನು ಒಮ್ಮೆಯೂ ಮುಟ್ಟಿಲ್ಲ. ವಾರಗಟ್ಟಲೆ ಅಭ್ಯಾಸದ ನಂತರ ಇಂದು ಹೆಂಡತಿ ಮಗುವನ್ನು ಕರೆತಂದು ಮೇಜಿನ ಮೇಲೆ ಹಾಸಿದ ಹೊದಿಕೆಯಲ್ಲಿ ಮಲಗಿಸಿದ್ದಾರೆ.

ಅಕ್ಕ ಬಾಗಿಲ ಹಿಡಿ ಮುಟ್ಟುತ್ತಾರೆ. ಅವನೂ ಮುಟ್ಟುತ್ತಾನೆ. ಅದೇ ಬೆರಳನ್ನು ಮಗಳ ಪಾದಕ್ಕೆ ತಾಗಿಸುತ್ತಾನೆ. ಅಷ್ಟರಲ್ಲೇ ಮಗು ಸೀನುತ್ತದೆ.

“ಅಕ್ಕಾ, ಏನೂ ಆಗಲ್ಲ ಅಲ್ವಾ?”

ಅಕ್ಕ ಕೈಯಲ್ಲಿನ ಬಟ್ಟೆಯನ್ನು ಮುಷ್ಟಿಯಲ್ಲಿ ಅದುಮುತ್ತಾರೆ. “ಗೊತ್ತಿಲ್ಲಪ್ಪ.”

ಅವನ ಹಣೆ ಬೆವರುತ್ತದೆ. ಬೆರಳು ಪಾದದ ಮೇಲೇ ಇದೆ. ಎಷ್ಟೋ ಹೊತ್ತಿನ ಮೇಲೆ ಭುಜಗಳು ಸಡಿಲಾಗುತ್ತವೆ. ಎರಡೂ ಕೈ ಚಾಚಿದವನು ಅರ್ಧಕ್ಕೇ ನಿಲ್ಲುತ್ತಾನೆ.

“ಅಕ್ಕಾ, ಎತ್ಕೊಳ್ಳೋದು ಹೇಗೆ? ಕತ್ತೇ ನಿಲ್ಲಲ್ವಲ್ಲ ಇವಳಿಗೆ.”

ಅಕ್ಕ ಪಕ್ಕದಲ್ಲಿ ನಿಂತ ವೈದ್ಯೆಯ ಮುಖ ನೋಡುತ್ತಾರೆ. ವೈದ್ಯೆ ಹೂಂ ಎನ್ನುತ್ತಾರೆ.

“ಇದು ನಂಗೊತ್ತಪ್ಪ!” ಅಕ್ಕನ ದನಿ ಏರುತ್ತದೆ. “ಒಂದು ಕೈ ಕತ್ತಿನ ಕೆಳಗೆ, ಇನ್ನೊಂದು ಸೊಂಟಕ್ಕೆ. ಹಾಂ, ಹಾಗೇ. ಇನ್ನೂ ಸ್ವಲ್ಪ ಎದೆಗೆ ಹತ್ರ.”