ಮಗ್ಗದ ಮನೆಯ ತೆರೆದ ಬಾಗಿಲು

ಮೊಳಕಾಲ್ಮೂರು, ಭಾನುವಾರ ಬೆಳಿಗ್ಗೆ. ಇಲ್ಲಿ ಸೀರೆ ಕೊಳ್ಳಲು ಬಂದವರು ನೇಕಾರರ ಮನೆ ಬಾಗಿಲಲ್ಲೇ ನಿಂತು ಮಗ್ಗದ ಮೇಲಿನ ಸೀರೆಯ ಫೋಟೊ ತೆಗೆಯುತ್ತಾರೆ. ಚಳ್ಳಕೆರೆ ಬಸ್ಸಿಳಿದು ಬಂದ ನಾನೂ ಮೊಬೈಲ್ ಎತ್ತಿದೆ. ಒಳಗಿನ ಹಾಡು ಥಟ್ಟನೆ ನಿಂತಿತು.

ಮಗ್ಗದ ಪಕ್ಕ ಚಾಪೆಯ ಮೇಲೆ ಹತ್ತು ಹನ್ನೆರಡು ಜನ, ಗೋಡೆಯಲ್ಲಿ ಮರದ ಶಿಲುಬೆ. ಲುಥೆರನ್ ಕ್ರೈಸ್ತ ಸಭೆಯವರ ಆರಾಧನೆ ನಡೆದಿತ್ತು. ಒಬ್ಬ ತಾಯಿ ಮಗುವಿನ ಮುಖವನ್ನು ಸೆರಗಿನಿಂದ ಮುಚ್ಚಿದಳು. ನನ್ನನ್ನು ಕಂಡು ಜನ ಹೀಗೆ ಹೆದರಿದ್ದು ಇದೇ ಮೊದಲು.

"ಸೀರೆ ನೋಡಾಕೆ ಬಂದಿದ್ದೆ, ಅಷ್ಟೇ ಕಣವ್ವ," ಎಂದೆ. ಮೊಬೈಲನ್ನು ಜೇಬಿಗಿಳಿಸಿದೆ.

ಮನೆಯ ಅಜ್ಜಿ ನನಗೊಂದು ಚಾಪೆ ಹಾಸಿದಳು. "ಕೂತ್ಕಳ್ರಿ. ಹೋದ ತಿಂಗ್ಳು ಯಾರೋ ಹಿಂಗೇ ನಿಂತು ವಿಡಿಯೊ ಮಾಡ್ಕೊಂಡು ಹೋಗಿ, ಇಲ್ಲಿ ಮತಾಂತರ ಮಾಡ್ತಾರೆ ಅಂತ ದೊಡ್ಡ ಗಲಾಟೆ ಆಗೋಯ್ತು."

"ಮತ್ತೆ ಬಾಗಿಲು ಹಾಕ್ಕೋಬಾರ್ದಾ?"

"ದೇವ್ರ ಕೃಪೆ ನಮಗೇ ಪುಕ್ಕಟೆ ಸಿಕ್ಕಿದ್ದು. ಬಾಗ್ಲು ಹಾಕಾಕೆ ನಾವ್ಯಾರ್ರಿ?"

ಕುಳಿತೆ. ಹಾಡು ಮತ್ತೆ ಶುರುವಾಯಿತು. ಅಷ್ಟರಲ್ಲಿ ಹೊರಗೆ ಬೈಕೊಂದು ಬಂದು ನಿಂತ ಸದ್ದು. ಎಲ್ಲರ ದನಿ ಸಣ್ಣಗಾಯಿತು. ಬಾಗಿಲಿಗೆ ಬೆನ್ನು ಹಾಕಿ ಕೂತ ನನಗೆ ತಿರುಗಿ ನೋಡುವ ಧೈರ್ಯ ಬರಲಿಲ್ಲ.

ಅಜ್ಜಿ ಇನ್ನೊಂದು ಚಾಪೆ ತರಲು ಎದ್ದಳು.